ಗುರುತ್ವದ ಲೆಕ್ಕದಲ್ಲಿ ಕರೆಂಟು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಕೆಳಗೆ ಅಪ್ಪನ ವಿದ್ಯುತ್ ಮಗ್ಗಗಳು, ಮೇಲೆ ನನ್ನ ಕೋಣೆ. ನಾನಾಗ ಭೌತಶಾಸ್ತ್ರ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಒಂದು ಭಾನುವಾರ ಮಧ್ಯಾಹ್ನ, ಕಾಲೇಜಿನ ಮೇಷ್ಟ್ರು ಮನೆಯಲ್ಲಿ ಮಾಡಲು ಕೊಟ್ಟಿದ್ದ ಲೆಕ್ಕ ಹಿಡಿದು ಕೂತಿದ್ದೆ. ಗುರುತ್ವ ತೀರಾ ದುರ್ಬಲವಾಗಿದ್ದು ವಸ್ತುಗಳು ನಿಧಾನವಾಗಿ ಚಲಿಸುತ್ತಿದ್ದರೆ, ಸಾಪೇಕ್ಷತೆಯ ದೊಡ್ಡ ಸಮೀಕರಣ ಏನಾಗುತ್ತದೆ ಎಂಬುದು ಪ್ರಶ್ನೆ.

ಶಾಲೆಯಲ್ಲಿ ಕಲಿತ ಹಳೆಯ ಗುರುತ್ವ ನಿಯಮವೇ ಬರುತ್ತದೆಂದು ನನಗೆ ಗೊತ್ತಿತ್ತು. ಬಂತು. ಆದರೆ ಸಮೀಕರಣದಲ್ಲಿ ಸಾಮಾನ್ಯವಾಗಿ ಚಿಕ್ಕವೆಂದು ಬಿಟ್ಟುಬಿಡುವ ಪದಗಳನ್ನು ಆ ದಿನ ಯಾಕೋ ಬಿಡಲಿಲ್ಲ. ಅವನ್ನೂ ಸೇರಿಸಿ ಬರೆಯುತ್ತ ಹೋದಂತೆ ಹಾಳೆಯ ಕೆಳಭಾಗದಲ್ಲಿ ನಾಲ್ಕು ಸಾಲು ನಿಂತವು. ಡಿಗ್ರಿಯಲ್ಲಿ ಬಾಯಿಪಾಠ ಮಾಡಿದ್ದ ವಿದ್ಯುತ್ಕಾಂತದ ನಾಲ್ಕು ಸಮೀಕರಣಗಳು! ವಿದ್ಯುದಾವೇಶ ಇರಬೇಕಾದಲ್ಲಿ ದ್ರವ್ಯರಾಶಿ, ಕರೆಂಟು ಇರಬೇಕಾದಲ್ಲಿ ಚಲಿಸುವ ದ್ರವ್ಯರಾಶಿ. ಹಾಗಾದರೆ ಕರೆಂಟು ಹರಿಯುವ ತಂತಿಯ ಸುತ್ತ ಅಯಸ್ಕಾಂತ ಬಲ ಹುಟ್ಟುವಂತೆ, ತಿರುಗುವ ಭೂಮಿಯ ಸುತ್ತಲೂ ಅಂಥದ್ದೇ ಇನ್ನೊಂದು ಗುರುತ್ವ ಇದೆ ಎಂದಾಯಿತು. ನನ್ನ ಮೈ ಜುಮ್ಮೆಂದಿತು. "ಅಯ್ಯಯ್ಯೋ!" ಎಂದು ಕೂಗಿಬಿಟ್ಟೆ.

ಮಹಡಿಯಲ್ಲೇ ಬಟ್ಟೆ ಒಣಹಾಕುತ್ತಿದ್ದ ಅಮ್ಮನಿಗೆ ಅದು ಕೇಳಿಸಿತು. "ರೀ, ಮಗೀಗೆ ಕರೆಂಟ್ ಹೊಡೀತು! ಮೇನ್ ಆಫ್ ಮಾಡ್ರೀ!" ಎನ್ನುತ್ತ ಅವಳು ಕೆಳಕ್ಕೋಡಿದಳು. ಮಗ್ಗಗಳು ಒಮ್ಮೆಗೇ ನಿಂತವು. ಹಗಲಲ್ಲಿ ನಮ್ಮ ಮನೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕೇಳಿರಲಿಲ್ಲ.

ಅಪ್ಪ ಮೆಟ್ಟಿಲು ಹತ್ತಿ ಬಂದವರೇ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. "ಯಾವ ವೈರ್ ಮುಟ್ದೆ? ಎಲ್ಲಿ ಸುಟ್ಟದೆ?"

"ಏನೂ ಮುಟ್ಲಿಲ್ಲ ಅಪ್ಪಾ. ಲೆಕ್ಕ ನೋಡಿ ಕೂಗ್ದೆ."

"ಲೆಕ್ಕಾನಾ?"

ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ನೋಡುತ್ತಲೇ ಇದ್ದರು. ಆಗ ನೆನಪಾಯಿತು: ಚಿಕ್ಕಪ್ಪ ತೀರಿಕೊಂಡದ್ದು ಮಗ್ಗದ ಮೋಟಾರಿನ ವೈರು ಹಿಡಿದೇ. ಅಪ್ಪ ಗೋಡೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟರು. ಅಮ್ಮ ನೀರು ತಂದುಕೊಟ್ಟಳು.

ನೀರು ಕುಡಿದ ಮೇಲೆ ಅಪ್ಪನೇ ಕೇಳಿದರು. "ಅಂಥದ್ದೇನಮ್ಮ ಇತ್ತು ಅದ್ರಲ್ಲಿ?"

"ಭೂಮಿ ಎಳೆಯೋದ್ಕೂ ಕರೆಂಟ್ಗೂ ಒಂದೇ ಥರದ ಲೆಕ್ಕ ಅಪ್ಪಾ. ಪ್ಲಸ್ಸು-ಮೈನಸ್ಸು ಗುರುತು ಮಾತ್ರ ಉಲ್ಟಾ. ಒಂದೇ ಜಾತಿ ಆವೇಶಗಳು ದೂರ ತಳ್ತವೆ, ತೂಕದ ವಸ್ತುಗಳು ಹತ್ರ ಎಳ್ಕೊತವೆ."

"ಅಂದ್ರೆ ಭೂಮಿನೂ ಶಾಕ್ ಹೊಡೀತದಾ?"

"ಇಲ್ಲ ಅಪ್ಪಾ. ಅದು ನಮಗೆ ಗೊತ್ತೇ ಆಗದಷ್ಟು ಸಣ್ಣದು."

"ಸದ್ಯ!" ಎಂದರು. ನಗಲಿಲ್ಲ. ಅಂದು ಮತ್ತೆ ಮಗ್ಗ ಹಾಕಲೂ ಇಲ್ಲ.

ಮರುದಿನ ಮೇಷ್ಟ್ರಿಗೆ ಹಾಳೆ ತೋರಿಸಿದೆ. "ಸರಿಯಾಗಿದೆ ಕಣಮ್ಮ. ಇದನ್ನ ನೀನು ಹುಟ್ಟೋಕೆ ಎಷ್ಟೋ ಮುಂಚೇನೇ ಕಂಡ್ಕೊಂಡಿದ್ದಾರೆ" ಎಂದರು. ಬೇಸರವಾಗಬೇಕಿತ್ತು, ಆಗಲಿಲ್ಲ. ಬಸ್ಸಿನಲ್ಲಿ ವಾಪಸಾಗುವಾಗಲೂ ಆ ನಾಲ್ಕು ಸಾಲು ನೆನೆದು ಮೈ ಜುಮ್ಮೆನ್ನುತ್ತಲೇ ಇತ್ತು.