ಮೊದಲ ಬಹುಮಾನ ಪಡೆದ ಸುಳ್ಳು

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳಿ ಹೇಳಿ ಬಲಿತ ಗಂಟಲು. ಮನೆಯಲ್ಲಿ ಯಾರೂ ಕೇಳದಿದ್ದರೆ ಬೀದಿಯವರಾದರೂ ಕೇಳಬೇಕು. ಹಾಗಾಗಿ ಬಿಟಿಎಂ ಲೇಔಟಿನಲ್ಲಿ ನಮ್ಮ ಮನೆ ಹತ್ತಿರದ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಹೆಂಗಸರಿಗೆ ತರಗತಿ ಶುರುಮಾಡಿದೆ. ಮೊಬೈಲಿಗೆ ಬರುವ ಸುದ್ದಿಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಆರಿಸುವ ಪಾಠ. ಬಾಗಿಲಿಗೆ ‘ಮಾಧ್ಯಮ ಸಾಕ್ಷರತೆ’ ಎಂದು ಬರೆದು ಅಂಟಿಸಿದ್ದೆ. ಅದನ್ನು ಓದಿ ಮೊದಲ ವಾರ ಇಬ್ಬರು ಇಂಗ್ಲಿಷ್ ಮಾಧ್ಯಮ ಕಲಿಯಲು ಬಂದು ಕೂತಿದ್ದರು.

ಮುಂದಿನ ಬೆಂಚು ಒಬ್ಬ ಓನರಮ್ಮನದು. ಬಡಾವಣೆ ಆಗುವ ಮೊದಲು ಅವರ ಮನೆಯವರು ಇಲ್ಲೇ ರಾಗಿ ಬೆಳೆಯುತ್ತಿದ್ದರಂತೆ. ಈಗ ಅದೇ ನೆಲದಲ್ಲಿ ಬಾಡಿಗೆ ಮನೆಗಳು ಎದ್ದಿವೆ. ಅವರ ಕಟ್ಟಡದ ಕೆಳಗಡೆ ಗದಗಿನ ಕಡೆಯ ಹೆಣ್ಣುಮಗಳೊಬ್ಬಳು ಜೋಳದ ರೊಟ್ಟಿಯ ಖಾನಾವಳಿ ತೆರೆದಿದ್ದಳು. ಅದೊಂದು ನಡೆಯದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋಗುವುದೇ ಎಂದು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದಳು.

ಒಂದು ಶನಿವಾರ ಪ್ರಾಕ್ಟಿಕಲ್ ಇಟ್ಟೆ. “ಸುಳ್ಳು ಎಷ್ಟು ಸುಲಭವಾಗಿ ಹುಟ್ಟತ್ತೆ ಅಂತ ಗೊತ್ತಾಗ್ಬೇಕಾದ್ರೆ ನೀವೇ ಒಂದು ಹೆತ್ತು ನೋಡಿ. ಒಳ್ಳೇ ಸುಳ್ಳಿಗೆ ಸ್ಟೀಲ್ ಡಬ್ಬಿ ಬಹುಮಾನ,” ಎಂದೆ. ಓನರಮ್ಮ ತಮ್ಮ ಮೊಬೈಲಿನಲ್ಲಿದ್ದ ಖಾನಾವಳಿಯ ರೊಟ್ಟಿ ಫೋಟೋ ತೆಗೆದು, ಅದರ ಕೆಳಗೆ ‘ಸೂರ್ಯ ಮುಳುಗಿದ ಮೇಲೆ ಈ ರೊಟ್ಟಿ ತಿಂದರೆ ಕಿಡ್ನಿಯಲ್ಲಿ ಕಲ್ಲು! ಫಾರಿನ್ ಡಾಕ್ಟರುಗಳೇ ಬೆಚ್ಚಿಬಿದ್ದಿದ್ದಾರೆ!’ ಎಂದು ಬರೆದರು. ಹೆದರಿಕೆ, ಫೋಟೋ, ಫಾರಿನ್ ಡಾಕ್ಟರು, ಎಲ್ಲವೂ ಹದವಾಗಿ ಬಿದ್ದಿದ್ದವು. ಹತ್ತಕ್ಕೆ ಹತ್ತು ಕೊಟ್ಟೆ. ತರಗತಿಯೆಲ್ಲ ಚಪ್ಪಾಳೆ.

ಹಿಗ್ಗಿಹೋದ ಓನರಮ್ಮ, ‘ಟೀಚರ್ ಕ್ಲಾಸಲ್ಲಿ ನಂದೇ ಫಸ್ಟು’ ಎಂದು ಸೇರಿಸಿ ಅದನ್ನು ಮನೆತನದ ಗ್ರೂಪಿಗೆ ಕಳಿಸಿಬಿಟ್ಟರು. ಆ ಮನೆತನದಲ್ಲಿ ಒಂದು ಪದ್ಧತಿಯಿದೆ. ಹಿರಿಸೊಸೆಯಾದ ಇವರು ಕಳಿಸಿದ್ದು ಪ್ರಸಾದವಿದ್ದಂತೆ, ತಾನೊಬ್ಬನೇ ಇಟ್ಟುಕೊಳ್ಳುವಂತಿಲ್ಲ, ಹಂಚಬೇಕು. ಹಂಚದವನಿಗೆ ಮುಂದಿನ ಬೀಗರೂಟದಲ್ಲಿ ಮುಖಕ್ಕೆ ಮಂಗಳಾರತಿ. ಬಿಳೇಕಹಳ್ಳಿಯ ಮೈದುನರು, ಹನುಮಂತನಗರದ ಬೀಗರು, ಎಲ್ಲರೂ ಭಕ್ತಿಯಿಂದ ಹಂಚಿದರು. ಹಂಚುತ್ತ ಹಂಚುತ್ತ ಯಾರೋ ಫಸ್ಟು ಬಂದ ಸಂಗತಿಯನ್ನು ಕಿತ್ತುಹಾಕಿ ‘ಟೀಚರ್ ಹೇಳಿದ್ದು’ ಎಂದು ಮಾಡಿದ್ದರು. ಸೋಮವಾರ ವಿಲ್ಸನ್ ಗಾರ್ಡನ್ನಿನ ನನ್ನ ನಾದಿನಿ ಅದನ್ನು ನನಗೇ ಕಳಿಸಿ, ‘ಅತ್ತಿಗೆ, ರಾತ್ರಿ ಹೊತ್ತು ರೊಟ್ಟಿ ತಿನ್ಬೇಡಿ, ಟೀಚರೊಬ್ಬರು ಹೇಳಿದಾರೆ’ ಎಂದು ಬುದ್ಧಿ ಹೇಳಿದಳು.

ಸಂಜೆಯ ಖಾನಾವಳಿ ಬಣಗುಟ್ಟತೊಡಗಿತು. ಖಾನಾವಳಿಯವಳು ನನ್ನ ಮನೆಗೇ ಬಂದಳು. “ಬಡಿದ ರೊಟ್ಟಿ ಹಂಗ ಉಳಿಯಾಕತ್ತಾವ್ರಿ ಮೇಡಮ್. ಹಿಂಗಾದ್ರ ಊರಿಗೆ ಹೊಂಟ್ಬಿಡಬೇಕ್ರಿ,” ಎಂದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಸುಳ್ಳಿಗೆ ಅಂಕ ಕೊಟ್ಟವಳು ನಾನೇ ತಾನೆ!

ಕೂತು ಒಂದು ಸ್ಪಷ್ಟೀಕರಣ ಬರೆದು ಎಲ್ಲರಿಗೂ ಕಳಿಸಿದೆ. ಪೀಠಿಕೆ, ವಿಷಯ, ಉಪಸಂಹಾರ, ಎಲ್ಲ ಇತ್ತು. ಯಾರೂ ಮುಂದಕ್ಕೆ ಕಳಿಸಲಿಲ್ಲ. “ಅಷ್ಟುದ್ದ ಐತೆ ಮೇಡಂ, ನಾನೇ ಓದ್ಲಿಲ್ಲ,” ಎಂದರು ಓನರಮ್ಮ. ಆದರೆ ಮಾಡಿದ್ದು ತಾವೇ ಎಂದು ಅವರಿಗೂ ಗೊತ್ತಿತ್ತು. ಸಂಜೆ ಖಾನಾವಳಿಯ ಮುಂದೆ ಕುರ್ಚಿ ಹಾಕಿಸಿಕೊಂಡು, ಬೀದಿಗೆಲ್ಲ ಕಾಣುವಂತೆ ರೊಟ್ಟಿ ಎಣ್ಣೆಗಾಯಿ ತಿನ್ನುತ್ತ ಕೂತರು. ಹೋಗಿಬರುವವರು ಫೋಟೋ ತೆಗೆದರು.

ಆ ಫೋಟೋ ಹೊಸ ಅವತಾರ ಎತ್ತಿತು: ‘ಈ ಅಜ್ಜಿ ಈ ರೊಟ್ಟಿ ತಿಂದು ಶುಗರ್ ಮಾತ್ರೆಯನ್ನೇ ಬಿಸಾಡಿದರು!’

“ನಂಗೆ ಶುಗರ್ರೇ ಇಲ್ಲ. ಅದ್ ಹಾಳಾಗೋಗ್ಲಿ, ಅಜ್ಜಿ ಅಂತ ಹಾಕವ್ರಲ್ಲ ಮೇಡಂ!” ಎಂದು ಓನರಮ್ಮ ಉರಿದುಬಿದ್ದರು. ಖಾನಾವಳಿ ಮಾತ್ರ ತುಂಬಿ ತುಳುಕಿತು. ಜಯನಗರದಿಂದ ಆಟೋ ಮಾಡಿಕೊಂಡು ಶುಗರಿನವರು ಬಂದರು. ನನಗೆ ಖುಷಿಯಾಯಿತು ಎಂದರೆ ನಂಬಿ. ಈ ಸುಳ್ಳು ಸ್ವಲ್ಪ ದಿನ ಇರಲಿ, ಆಮೇಲೆ ತಿದ್ದಿದರಾಯಿತು ಎಂದುಕೊಂಡು ಬಾಯಿಮುಚ್ಚಿಕೊಂಡಿದ್ದೆ.

ಖಾನಾವಳಿಯವಳೇ ಒಂದು ಹಲಗೆ ಹಿಡಿದು ಮತ್ತೆ ಬಂದಳು. ಗಿರಾಕಿ ಅಂಕಲ್ ಒಬ್ಬರು ಮಾತ್ರೆ ಬಿಟ್ಟು ಅವಳ ಬಾಗಿಲಲ್ಲೇ ತಲೆಸುತ್ತು ಬಂದು ಕುಸಿದು ಕೂತಿದ್ದರಂತೆ.

“ಬೋರ್ಡ್ ಬರದು ಕೊಡ್ರಿ ಮೇಡಮ್.”

“ಬರೀತೀನಮ್ಮ, ಆದ್ರೆ ಬಂದ ಜನ ವಾಪಸ್ ಹೋಗ್ತಾರೆ.”

“ಹೋಗ್ಲಿರಿ. ಜೀವ ಹ್ವಾದ್ರ ಬರ್ತದೇನ್ರಿ?”

ನಾನು ‘ಸಾರ್ವಜನಿಕರ ಗಮನಕ್ಕೆ’ ಎಂದು ಶುರುಮಾಡಿದೆ. ಅವಳು ಅದನ್ನು ಒರೆಸಿ, ಬರೆಯಬೇಕಾದ್ದನ್ನು ತಾನೇ ಹೇಳಿದಳು: ‘ನಮ್ಮ ರೊಟ್ಟಿ ತಿಂದ್ರ ಶುಗರ್ ಹೋಗಂಗಿಲ್ಲ. ಗುಳಿಗಿ ಬಿಡಬ್ಯಾಡ್ರಿ.’

ಸಂಜೆ ನಾನು ಎದುರಿಗೇ ನಿಂತಿದ್ದೆ. ಆಟೋದಲ್ಲಿ ಬಂದವರು ಹಲಗೆ ಓದಿ ಅದೇ ಆಟೋದಲ್ಲಿ ಹೊರಟುಹೋದರು. ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಕೊನೆಗೆ ತಲೆಸುತ್ತು ಬಂದಿದ್ದ ಆ ಅಂಕಲ್ ಬಂದರು. ಹಲಗೆಯನ್ನು ಎರಡೆರಡು ಸಲ ಓದಿದರು. ಜೇಬಿನಿಂದ ಮಾತ್ರೆ ತೆಗೆದು, “ಊಟಕ್ಕೆ ಮುಂಚೆ ನುಂಗ್ಬೇಕು, ನೀರು ಕೊಡಮ್ಮ,” ಎಂದರು. ನುಂಗಿ, ರೊಟ್ಟಿ ತಿಂದು, ಕೈತೊಳೆದರು.

“ನಾಳೀಗೆ ಬರ್ತೀರೇನ್ರಿ?” ಎಂದಳು ಅವಳು, ಮೆಲ್ಲಗೆ.

“ಯಾಕ್ ಬರಲ್ಲ? ರೊಟ್ಟಿ ಚೆನ್ನಾಗಿದೆ.”

ಮರುದಿನ ಹೆಂಡತಿಯನ್ನೂ ಕರೆದುಕೊಂಡು ಬಂದರು.