ಸುಮಂಗಲಕ್ಕನ ಎಡಗೆನ್ನೆ

ಸುಮಂಗಲಕ್ಕನ ಬಾಯಿ ಮುಚ್ಚಿಸಿದವರು ಇಬ್ಬರೇ. ಒಬ್ಬರು ಹೊಸಪೇಟೆಯ ಚರ್ಮದ ಡಾಕ್ಟರ್, ಇನ್ನೊಬ್ಬರು ನಮ್ಮ ಅತ್ತೆ ಎರ್ರಮ್ಮ. ಮಿಕ್ಕವರಿಗೆ ಅದು ಆಗದ ಕೆಲಸ. ಹದಿನಾರು ವರ್ಷದಿಂದ ಅವಳು ಹಂಪಿಯಲ್ಲಿ ಗೈಡ್. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಜಗಳ ಆಡಬಲ್ಲಳು. ಕಲ್ಲಿನ ಕಂಬ ಬಡಿಯಲು ಕೈ ಎತ್ತಿದ ಪ್ರವಾಸಿಯನ್ನು ಅವಳು ಗದರಿದರೆ, ಪಕ್ಕದ ಗುಂಪಿನವರೂ ಕೈ ಜೇಬಿಗೆ ಹಾಕಿಕೊಳ್ಳುತ್ತಾರೆ. ಅವಳು ನಮ್ಮ ಭಾವ ವೀರೇಶ್ ಅವರ ಹೆಂಡತಿ, ನಾನು ಅವರ ತಮ್ಮನ ಹೆಂಡತಿ ಸ್ಫೂರ್ತಿ. ಪಾಪಿನಾಯಕನಹಳ್ಳಿಯ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಒಂದೇ ಒಲೆಗೆ ಕೈ ಸುಟ್ಟುಕೊಂಡಿದ್ದೇವೆ. ಹಾಗಾಗಿ ಅವಳನ್ನು ಹೊಗಳುವ ಹಕ್ಕೂ ಆಡಿಕೊಳ್ಳುವ ಹಕ್ಕೂ ನನಗಿದೆ.

ಇಷ್ಟು ಜೋರಿನ ಹೆಂಗಸಿಗೆ ಒಂದೇ ಒಂದು ಅಂಜಿಕೆ ಇತ್ತು. ಅದು ಅವಳ ಎಡಗೆನ್ನೆ. ಹದಿನೇಳನೇ ವಯಸ್ಸಿನಲ್ಲಿ ಎದ್ದ ಮೊಡವೆ ಹೋಗುವಾಗ ಸುಮ್ಮನೆ ಹೋಗದೆ ಕುಳಿ ತೋಡಿ ಹೋಗಿತ್ತು. ಅದರ ಮೇಲೆ ಹದಿನಾರು ವರ್ಷದ ಹಂಪಿ ಬಿಸಿಲು. ಯಾರಾದರೂ ಮೊಬೈಲ್ ಎತ್ತಿ “ಮೇಡಂ, ಒಂದು ಫೋಟೋ” ಅಂದರೆ ಸಾಕು, ಅವಳ ಮುಖ ತಾನಾಗಿ ಎಡಕ್ಕೆ ತಿರುಗುತ್ತಿತ್ತು. ನಮ್ಮ ಮನೆಯ ಯಾವ ಮದುವೆ ಆಲ್ಬಂ ತೆಗೆದರೂ ಅವಳು ಯಾರನ್ನೋ ಹುಡುಕುತ್ತ ನಿಂತ ಹಾಗೆಯೇ ಕಾಣುತ್ತಾಳೆ.

ಗೈಡ್ ಕಾರ್ಡಿನ ಫೋಟೋ ತೆಗೆಸುವಾಗ ಮಾತ್ರ ನೇರ ನೋಡಲೇಬೇಕಿತ್ತು. ಸ್ಟುಡಿಯೋ ಮುರುಗೇಶ್ ದಯೆ ತೋರಿಸಿ, ಕಂಪ್ಯೂಟರಿನಲ್ಲಿ ಕೆನ್ನೆಯನ್ನು ಉಜ್ಜಿ ಉಜ್ಜಿ ಬೆಣ್ಣೆ ಮಾಡಿಬಿಟ್ಟಿದ್ದ. ಹೋದ ವರ್ಷ ಗೇಟಿಗೆ ಹೊಸದಾಗಿ ಬಂದ ಸಿಬ್ಬಂದಿಯೊಬ್ಬ ಕಾರ್ಡು ನೋಡಿದ, ಅವಳನ್ನು ನೋಡಿದ, ಮತ್ತೆ ಕಾರ್ಡು ನೋಡಿದ. “ಮೇಡಂ, ಇದು ನಿಮ್ಮ ತಂಗಿ ಕಾರ್ಡೇನ್ರಿ?” ಎಂದ. ಹಿಂದೆ ಇಪ್ಪತ್ತು ಜನ ಪ್ರವಾಸಿಗರು. ಅವನಿಗೆ ಕೊಡಬೇಕಾದ ಉತ್ತರವನ್ನು ಅವಳು ಅಲ್ಲೇ ಕೊಟ್ಟಳು, ಅದರಲ್ಲಿ ಅನುಮಾನ ಬೇಡ. ಆದರೆ ಸಂಜೆ ಮನೆಗೆ ಬಂದವಳು ಹೆಲ್ಮೆಟ್ ಕೂಡ ತೆಗೆಯದೆ ಕಟ್ಟೆಯ ಮೇಲೆ ಕೂತುಬಿಟ್ಟಳು.

“ಸ್ಫೂರ್ತಿ, ನಲವತ್ತೊಂದಾತು ನಂಗ. ಇನ್ನ ಎಷ್ಟ್ ದಿನ ಕುತ್ಗಿ ತಿರುಗಿಸ್ಕೊಂಡು ನಿಂದ್ರಲಿ? ಒಂದ್ಸಲ ಡಾಕ್ಟರ್‌ಗೆ ತೋರಸ್ತೀನಿ” ಎಂದಳು.

ತೋರಿಸಲಿ, ಯಾರು ಬೇಡ ಅಂದರು? ಭಾವ ಅಂತೂ ಕೇಳುವ ಮೊದಲೇ ಹೂಂ ಅಂದಿದ್ದರು. ತೊಡಕು ಬೇರೆ ಇತ್ತು. ನಮ್ಮ ಅತ್ತೆಗೆ ಆರನೇ ವಯಸ್ಸಿನಲ್ಲಿ ಸಿಡುಬು ಬಂದಿತ್ತು. ಅವರ ಮುಖದಲ್ಲಿ ಒಂದು ಕಾಳಿನಷ್ಟೂ ಸಮ ಜಾಗ ಇಲ್ಲ. ಊರಲ್ಲಿ ಇನ್ನೊಬ್ಬ ಎರ್ರಮ್ಮ ಇರುವುದರಿಂದ, ಗುರುತಿಗೆ ಇವರನ್ನು ಇವತ್ತಿಗೂ ಕುಳಿ ಎರ್ರಮ್ಮ ಅಂತಲೇ ಕರೆಯುತ್ತಾರೆ. ಅರವತ್ತು ವರ್ಷ ಆ ಮುಖ ಹೊತ್ತವರ ಮುಂದೆ ನಿಂತು, ನನ್ನ ನಾಲ್ಕು ಕುಳಿ ನನಗೆ ಬೇಡ ಅನ್ನುವುದು ಹೇಗೆ? ಅತ್ತೆ ಬೈದರೆ ಸುಮಂಗಲಕ್ಕ ತಡೆದುಕೊಳ್ಳುತ್ತಿದ್ದಳು. ಅತ್ತೆಗೆ ನೋವಾದರೆ ತಡೆದುಕೊಳ್ಳಲಾರಳು. ತಾಯಿಯಿಲ್ಲದ ಅವಳಿಗೆ ಬಾಣಂತನ ಮಾಡಿದ್ದು, ಮನೆಯ ಗಂಡಸರ ಬಾಯಿ ಮುಚ್ಚಿಸಿ ಅವಳನ್ನು ಗೈಡ್ ಕೆಲಸಕ್ಕೆ ಕಳಿಸಿದ್ದು ಇದೇ ಅತ್ತೆ.

ಅದಕ್ಕೆ ನಾವಿಬ್ಬರೂ ಸುಳ್ಳು ಹೇಳಿದೆವು. “ಹಲ್ಲಿನ ಡಾಕ್ಟರ್ ಹತ್ರ ಹೊಂಟೀವಿ.” ಸುಳ್ಳು ಹುಡುಕಿದ್ದು ನಾನು.

ಡಾಕ್ಟರ್ ಕಿರಣ್ ಕುಮಾರ್ ಮೊದಲ ದಿನ ಸೂಜಿ ಮುಟ್ಟಲೇ ಇಲ್ಲ, ಬರೀ ಪ್ರಶ್ನೆ ಕೇಳಿದರು. ಬಸಿರಿದ್ದೀರಾ, ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಗಾಯ ಆದರೆ ಉಬ್ಬಿ ಗಂಟಾಗಿ ನಿಲ್ಲುತ್ತದಾ, ಮೊಡವೆಗೆ ಮಾತ್ರೆ ನುಂಗುತ್ತಿದ್ದೀರಾ. ಎಲ್ಲಕ್ಕೂ ಇಲ್ಲ ಅಂದ ಮೇಲೆ ಸಮಾಧಾನವಾಗಿ ಹೇಳಿದರು: “ಕೂದಲಿಗಿಂತ ಸಣ್ಣ ಸೂಜಿಗಳು ಚರ್ಮದೊಳಗ ಇಳೀತಾವ್ರಿ. ಅವುಗಳಿಂದ ಒಳಗ ಶಾಖ ಬಿಡ್ತೀವಿ. ಗಾಯ ಆತು ಅಂತ ತಿಳ್ಕಂಡು ಚರ್ಮ ತನ್ನಷ್ಟಕ್ಕ ತಾನ ಹೊಸದಾಗಿ ಕಟ್ಟಿಕೊಳ್ತೈತಿ. ಒಂದೇ ಸಲಕ್ಕ ಆಗಂಗಿಲ್ಲ. ತಿಂಗಳಿಗೊಮ್ಮೆ ಮೂರ್ನಾಕು ಸಲ ಬರಬೇಕು. ಫಲ ಕಾಣಾಕ ಮತ್ತ ಮೂರು ತಿಂಗಳು ಬೇಕು.”

“ಕುಳಿ ಪೂರ್ತಿ ಹೋಗ್ತಾವೇನ್ರಿ?” ಎಂದಳು ಅಕ್ಕ.

“ಅರ್ಧ ಕಮ್ಮಿ ಆದ್ರ ನಾವು ಗೆದ್ದಂಗ. ಪೂರ್ತಿ ಅಳಿಸ್ತೀನಿ ಅಂತ ಯಾರಾದ್ರೂ ಹೇಳಿದ್ರ ಅಂಥವರ ಹತ್ರ ಹೋಗಬ್ಯಾಡ್ರಿ.”

ಈ ಮಾತಿಗೆ ಅವಳು ಒಪ್ಪಿದಳು. ಉತ್ಪ್ರೇಕ್ಷೆ ಮಾಡದ ಗೈಡ್‌ಗಳನ್ನು ಕಂಡರೂ ಅವಳಿಗೆ ಗೌರವ, ತಾನು ಮಾತ್ರ ಆ ಪೈಕಿ ಅಲ್ಲ.

ಪ್ರವಾಸಿಗರು ಕಡಿಮೆ ಇರುವ ಜುಲೈನಲ್ಲಿ ದಿನ ಗೊತ್ತಾಯಿತು. ಮುಖಕ್ಕೆ ಮರಗಟ್ಟಿಸುವ ಕ್ರೀಮು ಮೆತ್ತಿ ಮುಕ್ಕಾಲು ಗಂಟೆ ಕೂರಿಸಿದರು. “ಮುಖಾನ ಮನ್ಯಾಗ ಬಿಟ್ಟು ಬಂದಂಗ ಆಗೇತಿ” ಎಂದಳು. ಆಮೇಲೆ ಯಂತ್ರದ ಟಕ್ ಟಕ್ ಶುರುವಾಯಿತು. ಕೆನ್ನೆಯ ಮೇಲೆ ಬರೀ ಚುಚ್ಚಿದಂತೆ, ಬೆಚ್ಚಗೆ. ಹಣೆಯ ಮೂಳೆಗೆ ಬಂದಾಗ ಮಾತ್ರ ಬಿಸಿ ಕಡ್ಡಿ ತಾಗಿದ ಹಾಗಾಯಿತಂತೆ. ನೋವು ಮರೆಯಲು ಅವಳು ಕಣ್ಣು ಮುಚ್ಚಿಕೊಂಡು ಕಲ್ಲಿನ ರಥದ ವಿವರಣೆಯನ್ನು ಇಂಗ್ಲಿಷಿನಲ್ಲಿ ಒಪ್ಪಿಸತೊಡಗಿದಳು. ಡಾಕ್ಟರ್ ಯಂತ್ರ ನಿಲ್ಲಿಸಿದರು. “ಮೇಡಂ, ಬಾಯಿ ಅಲುಗಿಸಬ್ಯಾಡ್ರಿ, ಸೂಜಿ ಗುರಿ ತಪ್ತೈತಿ.” ಅವಳು ಬಾಯಿ ಮುಚ್ಚಿದಳು. ನಾನು ಗೋಡೆ ಗಡಿಯಾರ ನೋಡಿ ಸಮಯ ನೆನಪಿಟ್ಟುಕೊಂಡೆ.

ಹೊರಡುವಾಗ ಡಾಕ್ಟರ್ ಮತ್ತೆ ಹೇಳಿದರು. ಮೂರು ದಿನ ಕೆಂಪಗೆ, ಸ್ವಲ್ಪ ಊದಿಕೊಂಡಿರುತ್ತದೆ, ಸಣ್ಣ ಚುಕ್ಕೆಗಳು ಕಾಣುತ್ತವೆ, ಅವನ್ನು ಕೆರೆಯಬಾರದು. ಒಂದು ವಾರ ಬಿಸಿಲು ಬೇಡ, ಒಲೆಯ ಶಾಖ ಬೇಡ. ಆಮೇಲೂ ಹೊರಗೆ ಹೋಗುವಾಗ ಬಿಸಿಲಿನ ಕ್ರೀಮು ತಪ್ಪಿಸಬಾರದು, ನಮ್ಮ ಬಣ್ಣದ ಚರ್ಮ ಬೇಗ ಕಪ್ಪು ಕಲೆ ಹಿಡಿಯುತ್ತದೆ. “ಮತ್ತ, ಅರಿಷಿಣ, ಬೇವು, ಕಡ್ಲಿಹಿಟ್ಟು, ಮನಿ ಮದ್ದು ಯಾವುದೂ ಮುಟ್ಟಿಸಬ್ಯಾಡ್ರಿ. ಹಸಿ ಗಾಯ ಅದು.”

ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ತಲಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು.

ಅತ್ತೆ ನಮಗಿಂತ ಮೊದಲೇ ಎದ್ದು, ಮಲಗಿದ್ದ ಸೊಸೆಯ ಮುಖ ನೋಡಿದ್ದರು. ಊದಿದ ಕೆಂಪು ಮುಖ, ಮೈತುಂಬ ಅಲ್ಲದಿದ್ದರೂ ಮುಖದ ತುಂಬ ಚುಕ್ಕೆ. ಅವರ ಲೆಕ್ಕದಲ್ಲಿ ಇದು ಸಿಡುಬಿನ ಅಮ್ಮ, ಇನ್ನೊಂದು ಅರ್ಥ ಇರಲಿಲ್ಲ. ಅಡುಗೆಮನೆಯಲ್ಲಿ ನನ್ನ ಕೈಯಿಂದ ಒಗ್ಗರಣೆ ಸೌಟು ಕಸಿದುಕೊಂಡರು. “ಒಗ್ಗರಣಿ ಹಾಕಬ್ಯಾಡ. ಮನಿಗೆ ಅಮ್ಮ ಬಂದಾಳ. ಮೊಸರನ್ನ ಮಾಡು.”

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ನಗು ಬಂತು. ಸೊಸೆ ಬಿಸಿಲಿಗೆ ಹೋಗಬಾರದು, ಒಲೆ ಹತ್ತಿರ ಬರಬಾರದು, ಕೆರೆದುಕೊಳ್ಳಬಾರದು. ಅತ್ತೆ ಹಾಕಿದ ಕಟ್ಟಳೆ ಒಂದೊಂದೂ ಡಾಕ್ಟರ್ ಚೀಟಿ ನೋಡಿ ಓದಿದ ಹಾಗಿತ್ತು. ಹೀಗೇ ವಾರ ಕಳೆದುಬಿಡಬಹುದು ಅಂದುಕೊಂಡೆ.

ಆಗ ಹಿತ್ತಲಿನಿಂದ ಒರಳುಕಲ್ಲಿನ ಸದ್ದು ಬಂತು. ಅತ್ತೆ ಬೇವು, ಅರಿಶಿನ ಸೇರಿಸಿ ಅರೆಯುತ್ತಿದ್ದರು. ಬಟ್ಟಲು ಹಿಡಿದು ಒಳಗೆ ಬಂದವರು ಮೊದಲು ಸೊಸೆಯ ಮೂಗಿನ ಬಳಿ ಕೈ ಹಿಡಿದು ಉಸಿರು ನೋಡಿದರು. ನನ್ನ ನಗು ಅಲ್ಲಿಗೇ ಸತ್ತಿತು. ಆರು ವರ್ಷದವರಿದ್ದಾಗ ಅವರ ಜೊತೆ ಒಂದೇ ಚಾಪೆಯಲ್ಲಿ ಮಲಗಿದ್ದ ತಮ್ಮನೂ ಅದೇ ಸಿಡುಬಿನಲ್ಲಿ ಹೋಗಿದ್ದ. ಆ ಭಯ ಅವರ ಕೈಯಲ್ಲಿ ಹಾಗೇ ಉಳಿದಿತ್ತು.

“ತಾಯಿ, ತಂಪಾಗವ್ವ” ಎನ್ನುತ್ತ ಅತ್ತೆ ಬೆರಳದ್ದಿ ಅವಳ ಕೆನ್ನೆಯ ಕಡೆ ಚಾಚಿದರು. ಸುಮಂಗಲಕ್ಕ ಆ ಕೈಯನ್ನು ಹಿಡಿದುಕೊಂಡಳು.

“ಬ್ಯಾಡ್ರಿ ಅತ್ತಿ. ಇದು ಅಮ್ಮ ಅಲ್ಲ. ನಾನ ಚುಚ್ಚಿಸ್ಕಂಡು ಬಂದೀನಿ. ಹಲ್ಲಿನ ಡಾಕ್ಟರ್ ಅಂದಿದ್ದು ಸುಳ್ಳು. ಕೆನ್ನಿ ಮ್ಯಾಲಿನ ಕುಳಿ ಸಾಕಾಗಿತ್ತು ನಂಗ. ನಿಮ್ಮುಂದ ಹೆಂಗ ಹೇಳಲಿ ಅಂತ ತಿಳೀಲಿಲ್ಲ.”

ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಬಟ್ಟಲು ತೆಗೆದುಕೊಂಡು ಹೊರಗೆ ಹೋದರು. ಹಿಂದೆಯೇ ಹೋಗಿ ಏನೋ ಹೇಳಲು ಹೊರಟ ಸುಮಂಗಲಕ್ಕನಿಗೆ ಕೈ ಎತ್ತಿ ಸಾಕು ಎಂದರು. ನಾಲ್ಕು ಭಾಷೆ ಬಲ್ಲವಳು ಹಿಂದಕ್ಕೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಬೇವಿನ ಸೊಪ್ಪನ್ನು ಮಾತ್ರ ಅತ್ತೆ ಐದು ದಿನ ಬಿಚ್ಚಲಿಲ್ಲ. ಕರೆದ ಮೇಲೆ ತಾಯಿಯನ್ನು ಅರ್ಧಕ್ಕೆ ಕಳಿಸುವ ಹಾಗಿಲ್ಲ ಅಂತ ನನ್ನ ಹತ್ತಿರ ಹೇಳಿದರು, ಅವಳ ಹತ್ತಿರ ಅಲ್ಲ.

ಚುಕ್ಕೆ ಉದುರಿದವು, ಊತ ಇಳಿಯಿತು. ಅತ್ತೆ ಸೊಸೆಯ ನಡುವೆ ಮಾತು ಅನ್ನ, ನೀರು ಕೇಳುವಷ್ಟಕ್ಕೆ ನಿಂತಿತು. “ಎರಡನೇ ಸಲ ಹೋಗೋದು ಬ್ಯಾಡ ಬಿಡು. ಅತ್ತಿ ಮನಸು ಮುರದು ಕೆನ್ನಿ ಕಟ್ಟಿಸ್ಕಂಡು ಏನ್ ಮಾಡ್ಲಿ?” ಎಂದಳು ಅಕ್ಕ. ಅವಳು ಸೋತು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಿಂಗಳು ತುಂಬಿದ ದಿನ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು, ಚೀಲ ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಡಾಕ್ಟರ್ ಕೊಟ್ಟ ತಾರೀಖನ್ನು ನನ್ನಿಂದಲೇ ಕೇಳಿ ತಿಳಿದುಕೊಂಡಿದ್ದರು.

“ಜಲ್ದಿ ನಡೀರಿ. ನಿಮ್ಮ ಹಲ್ಲಿನ ಡಾಕ್ಟರ್‌ನ ನಾನೂ ನೋಡಬೇಕು.”

ಆಸ್ಪತ್ರೆಯಲ್ಲಿ ಡಾಕ್ಟರ್ ಅವರ ಮುಖ ಕಂಡು ಗೌರವದಿಂದಲೇ ಕೇಳಿದರು. “ಅವ್ವಾರ, ನಿಮ್ಮವನ್ನೂ ಪರೀಕ್ಷೆ ಮಾಡ್ಲೇನ್ರಿ? ಸ್ವಲ್ಪ ಕಮ್ಮಿ ಆಗಬಹುದು.”

“ನನ್ನವು ಬ್ಯಾಡಪ್ಪ” ಎಂದರು ಅತ್ತೆ. “ತಾಯಿ ನಮ್ಮನಿಗೆ ಬಂದಾಗ ನನ್ನ ತಮ್ಮನ್ನ ಕರ್ಕಂಡ್ಲು, ನನ್ನ ಬಿಟ್ಟು ಹೋದ್ಲು. ಬಿಟ್ಟಿದ್ದಕ್ಕ ಸಹಿ ಹಾಕ್ಯಾಳ ಇಲ್ಲಿ. ಅದನ್ನ ಅಳಸ್ತಾರೇನು?” ಆಮೇಲೆ ಸೊಸೆಯ ಗದ್ದ ಹಿಡಿದು ಎಡಗೆನ್ನೆಯನ್ನು ಡಾಕ್ಟರ ಕಡೆ ತಿರುಗಿಸಿದರು. “ಇಕಿವು ಮೊಡವಿ. ಮೊಡವಿಗೆ ಯಾವ ದೇವ್ರು ಅದಾನ? ತಗೀರಿ.”

ಸುಮಂಗಲಕ್ಕನ ಕಣ್ಣಿಂದ ನೀರು ಇಳಿದು ಆಗಷ್ಟೇ ಮೆತ್ತಿದ್ದ ಕ್ರೀಮು ಕೆಟ್ಟಿತು. ನರ್ಸ್ ಬೈದುಕೊಂಡು ಮತ್ತೆ ಮೆತ್ತಿದಳು.

ನಾಲ್ಕು ಸಲ ಮುಗಿದು ಈಗ ಅರ್ಧ ವರ್ಷವಾಗಿದೆ. ಕುಳಿಗಳು ಅರ್ಧಕ್ಕರ್ಧ ತುಂಬಿವೆ, ಎರಡು ಆಳದವು ಹಾಗೇ ಇವೆ. ಬೆಳಿಗ್ಗೆ ಅವಳು ಸ್ಕೂಟಿ ತೆಗೆದರೆ ಒಳಗಿನಿಂದ ಅತ್ತೆ ಕೂಗುತ್ತಾರೆ, “ಬಿಸಿಲಿನ ಕ್ರೀಮ್ ಹಚ್ಚಿಯೇನು?” ಹೋದ ವಾರ ಹೊಸ ಕಾರ್ಡಿಗೆ ಫೋಟೋ ತೆಗೆಸಲು ಮುರುಗೇಶನ ಸ್ಟುಡಿಯೋಕ್ಕೆ ಮೂವರೂ ಹೋಗಿದ್ದೆವು. ಅವಳು ನೇರ ಕೂತಳು, ತಿದ್ದಬೇಡ ಎಂದಳು. ಆಮೇಲೆ ಅತ್ತೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಜೋಡಿ ಫೋಟೋ ತೆಗೆಸಿದಳು. ಮುರುಗೇಶ್ ಕಂಪ್ಯೂಟರಿನಲ್ಲಿ ಅತ್ತೆಯ ಮುಖ ದೊಡ್ಡದು ಮಾಡಿ, ಅಭ್ಯಾಸಬಲದಿಂದ ಉಜ್ಜಲು ಹೊರಟ.

“ಏಯ್ ಮುರುಗೇಶಣ್ಣ, ಕೈ ತಗಿ” ಎಂದು ಸುಮಂಗಲಕ್ಕ ಗದರಿದಳು. “ಅದ್ರಾಗ ಒಂದು ಚುಕ್ಕಿನೂ ಮುಟ್ಟಬ್ಯಾಡ. ಸಹಿ ಐತಿ ಅಲ್ಲಿ.”

ಮುರುಗೇಶನಿಗೆ ಏನೂ ತಿಳಿಯಲಿಲ್ಲ. ಫೋಟೋ ಹೇಗಿತ್ತೋ ಹಾಗೇ ಪ್ರಿಂಟ್ ತೆಗೆದು ಕೊಟ್ಟ.