ಹುಳದ ಮನೆಯ ಬಾಗಿಲಲ್ಲಿ

ಎಂ.ಎ. ಮನಶ್ಶಾಸ್ತ್ರದ ಪ್ರಬಂಧಕ್ಕೆಂದು ಬೈರಾಪಟ್ಟಣದ ಕಡೆಯ ರೇಷ್ಮೆ ಸಾಕುವ ಹೆಂಗಸರ ನಿದ್ದೆ, ಸಿಟ್ಟು ಎರಡನ್ನೂ ಕೇಳಿ ಬರೆದುಕೊಂಡಿದ್ದೆ. ನಿದ್ದೆ ಇಳಿದಂತೆ ಸಿಟ್ಟು ಏರುತ್ತಿತ್ತು. ಅದು ಬರೀ ಸಹಸಂಬಂಧ, ಎರಡೂ ಜೊತೆಜೊತೆಗೆ ಕಾಣುತ್ತಿದ್ದವು ಅಷ್ಟೇ. ನಾನು ಮಾತ್ರ ‘ನಿದ್ದೆಗೆಟ್ಟಿದ್ದೇ ಸಿಟ್ಟಿಗೆ ಕಾರಣ’ ಎಂದು ಬರೆದು ಮುಗಿಸಿದ್ದೆ.

ಎರಡನೇ ಸಲ ಹೋದಾಗ ಒಬ್ಬ ಯಜಮಾನಿ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತರು. “ಒಳೀಕೆ ಬರಬ್ಯಾಡ. ಹೋದ್ಸಲ ನೀನ್ ಬಂದೋದ್ ಮೂರೇ ದಿನಕ್ಕೆ ಹುಳವೆಲ್ಲ ಸತ್ತೋದ್ವು.”

“ಕಾಲು ತೊಳೆದೇ ಬಂದಿದ್ದೆ ಅಮ್ಮ! ಆ ವಾರ ಶೀತ ಹಿಡಿದು ಊರೆಲ್ಲ ಹುಳ ಸತ್ತಿವೆ. ಎರಡು ಒಟ್ಟಿಗೆ ಆದರೆ ಒಂದರಿಂದಲೇ ಇನ್ನೊಂದು ಆಯಿತು ಅಂತಲಾ?” ಎಂದು ರೇಗಿದೆ.

ಆಕೆ ನನ್ನ ಕೈಲಿದ್ದ ಪ್ರಬಂಧದ ಫೈಲು ನೋಡಿದರು. “ಅದ್ರಲ್ಲಿ ನಮ್ ವಿಚಾರ ಏನ್ ಬರ್ದಿದ್ದೀಯವ್ವ? ಒಸಿ ಓದು.”

ನಾನು ಫೈಲನ್ನು ಬೆನ್ನ ಹಿಂದಕ್ಕೆ ಸರಿಸಿದೆ.